ಕಾವು ಮತ್ತು ಕಾವಲು: ಎರಡು ಹೋಳಿನ ಟೋಸ್ಟರಿನ ಚರಿತ್ರೆ

ಬ್ರೆಡ್ಡಿನ ಹೋಳನ್ನು ನೇರ ಕಾವಿಗೆ ಒಡ್ಡಿ, ಅದರ ಮೈ ಕಂದುಬಣ್ಣಕ್ಕೆ ತಿರುಗಿ ಗರಿಗರಿಯಾಗುವವರೆಗೆ ಸುಡುವ ಪದ್ಧತಿ ಬಹಳ ಹಳೆಯದು. ಆದರೆ ಆ ಒಂದು ಕೆಲಸಕ್ಕೆಂದೇ ಮೀಸಲಾದ, ನೆತ್ತಿಯಲ್ಲಿ ಎರಡು ಸೀಳುಗಂಡಿಗಳುಳ್ಳ, ಕೆಲಸ ಮುಗಿದೊಡನೆ ಹೋಳುಗಳನ್ನು ತಾನಾಗಿ ಮೇಲಕ್ಕೆತ್ತುವ ವಿದ್ಯುತ್ ಟೋಸ್ಟರಿನ ವಯಸ್ಸು ಹೆಚ್ಚುಕಡಿಮೆ ಒಂದು ಶತಮಾನ ಮಾತ್ರ. ಕೆಂಡದ ಜಾಗಕ್ಕೆ ವಿದ್ಯುತ್ತು ಬಂದ ಕಥೆಯೆಂದೇ ಈ ಉಪಕರಣದ ಚರಿತ್ರೆಯನ್ನು ಸಾಮಾನ್ಯವಾಗಿ ಹೇಳಲಾಗುತ್ತದೆಯಾದರೂ ಅದು ಚರಿತ್ರೆಯ ಸಣ್ಣ ಭಾಗ. ಕಾವು ಒದಗಿಸುವ ಸಮಸ್ಯೆ 1906ರ ಹೊತ್ತಿಗೆ ಬಹುಮಟ್ಟಿಗೆ ಬಗೆಹರಿದಿತ್ತು. ಅಲ್ಲಿಂದ ಮುಂದಿನ ನಲವತ್ತು ವರ್ಷ ತಯಾರಕರನ್ನು ಕಾಡಿದ್ದು ಕಾವಲಿನ ಸಮಸ್ಯೆ, ಅಂದರೆ ಹೋಳು ಹೊತ್ತಿಹೋಗದಂತೆ ಯಾರು ನಿಂತು ನೋಡಬೇಕು, ಯಾರು ಮಗುಚಬೇಕು, ಯಾವ ಗಳಿಗೆಯಲ್ಲಿ ಸಾಕೆನ್ನಬೇಕು ಎಂಬ ಪ್ರಶ್ನೆ.

ಒಲೆಯ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಸರಳವಾಗಿತ್ತು: ಮನೆಯ ಹೆಂಗಸೋ ಆಳೋ ಮಗುವೋ ನಿಂತು ನೋಡಬೇಕು. ಬ್ರಿಟನ್ನಿನ ಮನೆಗಳಲ್ಲಿ ಉದ್ದ ಹಿಡಿಕೆಯ ಮುಳ್ಳುಗೋಲಿಗೆ ಹೋಳನ್ನು ಚುಚ್ಚಿ ಅಗ್ಗಿಷ್ಟಿಕೆಯ ಮುಂದೆ ಹಿಡಿಯುತ್ತಿದ್ದರು; ಅಮೆರಿಕದ ವಲಸಿಗರ ಮನೆಗಳಲ್ಲಿ, ಹೋಳನ್ನು ಮಗುಚುವ ಬದಲು ಇಡೀ ಚೌಕಟ್ಟನ್ನೇ ಕಾಲಿನಿಂದ ತಿರುಗಿಸಬಹುದಾದ ಕಬ್ಬಿಣದ ತಿರುಗಣೆ ಸ್ಟ್ಯಾಂಡುಗಳಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅನಿಲದ ಒಲೆಗಳು ಬಂದಾಗ ಅವುಗಳ ಮೇಲೆ ಕೂರಿಸಲು ತಗಡಿನ ಗೋಪುರದಂಥ ಸಾಧನಗಳು ಬಂದವು. ಇವೆಲ್ಲವೂ ಹೋಳಿಗೆ ಆಸರೆ ಕೊಟ್ಟವೇ ಹೊರತು ನೋಡುವವರಿಗೆ ಬಿಡುವು ಕೊಡಲಿಲ್ಲ.

ವಿದ್ಯುತ್ತಿನಿಂದ ಕಾವು ಪಡೆಯುವ ತತ್ವ ಕ್ಲಿಷ್ಟವಾದುದಲ್ಲ. ತಂತಿಯೊಂದು ತನ್ನೊಳಗೆ ಹರಿಯುವ ವಿದ್ಯುತ್ತಿಗೆ ಒಡ್ಡುವ ತಡೆಗೆ ರೋಧ ಎಂದು ಹೆಸರು. ರೋಧ ಸಾಕಷ್ಟಿದ್ದರೆ ತಂತಿ ಕಾಯ್ದು ಕೆಂಪಗೆ ಹೊಳೆಯುತ್ತದೆ. ತೊಡಕಿದ್ದದ್ದು ಲೋಹದಲ್ಲಿ. ಕಬ್ಬಿಣದ ತಂತಿ ಕೆಂಪಗೆ ಕಾಯ್ದಾಗ ಗಾಳಿಯಲ್ಲಿನ ಆಮ್ಲಜನಕದೊಡನೆ ಸೇರಿ ಹೊಪ್ಪಳೆಯೆದ್ದು ಬೇಗನೆ ತುಂಡಾಗುತ್ತಿತ್ತು. ಬಲ್ಬಿನ ಎಳೆಯಂತೆ ಗಾಜಿನ ಬುರುಡೆಯಲ್ಲಿ ಅದನ್ನು ಮುಚ್ಚಿಡುವುದೂ ಇಲ್ಲಿ ಪ್ರಾಯೋಗಿಕವಾಗಿರಲಿಲ್ಲ. ಅಮೆರಿಕದ ಲೋಹತಜ್ಞ ಆಲ್ಬರ್ಟ್ ಮಾರ್ಷ್ ನಿಕ್ಕಲ್ ನಾಲ್ಕು ಪಾಲು, ಕ್ರೋಮಿಯಂ ಒಂದು ಪಾಲು ಕೂಡಿಸಿ ಮಾಡಿದ ಮಿಶ್ರಲೋಹ ಈ ತೊಡಕನ್ನು ಬಿಡಿಸಿತು. ಅದು ಕಾಯ್ದಾಗ ಅದರ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ತೆಳುವಾದ, ಬಿಗಿಯಾದ ಪದರವೊಂದು ಕಟ್ಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. 1906ರ ಫೆಬ್ರವರಿಯಲ್ಲಿ ಮಾರ್ಷ್‌ಗೆ ಇದರ ಪೇಟೆಂಟ್ ದೊರೆಯಿತು. ಮುಂದೆ ನಿಕ್ರೋಮ್ ಎಂದು ಹೆಸರಾದ ಈ ವರ್ಗದ ತಂತಿಯೇ ಇಂದಿಗೂ ಟೋಸ್ಟರಿನಲ್ಲೂ ವಿದ್ಯುತ್ ಹೀಟರಿನಲ್ಲೂ ಕೂದಲು ಒಣಗಿಸುವ ಯಂತ್ರದಲ್ಲೂ ಉರಿಯುತ್ತಿದೆ. ಟೋಸ್ಟರಿನ ಜನಕರೆಂದು ಒಬ್ಬರನ್ನೇ ಹೆಸರಿಸುವುದು ಅನಿವಾರ್ಯವಾದರೆ, ಬ್ರೆಡ್ಡಿನ ಗೊಡವೆಗೇ ಹೋಗದ ಮಾರ್ಷ್‌ರನ್ನು ಹೆಸರಿಸುವುದು ಹೆಚ್ಚು ನ್ಯಾಯ.

ಈ ಜನಕತ್ವದ ವಿಷಯದಲ್ಲಿ ಓದುಗರು ಎಚ್ಚರ ವಹಿಸಬೇಕಾದ ಪ್ರಸಂಗವೊಂದಿದೆ. 1893ರಲ್ಲಿ ಸ್ಕಾಟ್ಲೆಂಡಿನ ವಿಜ್ಞಾನಿಯೊಬ್ಬ ವಿದ್ಯುತ್ ಟೋಸ್ಟರನ್ನು ಕಂಡುಹಿಡಿದನೆಂಬ ಮಾತು ಅನೇಕ ಪುಸ್ತಕ, ಪತ್ರಿಕೆಗಳಲ್ಲಿ ಕಾಣಸಿಗುತ್ತದೆ. ಆದರೆ ಅಂಥ ವಿಜ್ಞಾನಿ ಇರಲೇ ಇಲ್ಲ. 2012ರಲ್ಲಿ ವಿದ್ಯಾರ್ಥಿಗಳು ತಮಾಷೆಗೆಂದು ವಿಕಿಪೀಡಿಯಕ್ಕೆ ಸೇರಿಸಿದ ಕಟ್ಟುಕಥೆ ಅದು. ಅದನ್ನು ನಂಬಿ ಪತ್ರಿಕೆಗಳು ಬರೆದವು, ಹಾಗೆ ಬರೆದದ್ದೇ ಮತ್ತೆ ಅದಕ್ಕೆ ಆಧಾರವಾಯಿತು, ಹತ್ತು ವರ್ಷ ಹೀಗೆಯೇ ನಡೆದು 2022ರಲ್ಲಿ ಗುಟ್ಟು ಹೊರಬಿತ್ತು. ಸಣ್ಣ ವಸ್ತುಗಳ ಚರಿತ್ರೆಯನ್ನು ಯಾರೂ ಪರೀಕ್ಷಿಸುವುದಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ತಂತಿ ಸಿದ್ಧವಾದ ಮೂರೇ ವರ್ಷಕ್ಕೆ, 1909ರಲ್ಲಿ, ಜನರಲ್ ಎಲೆಕ್ಟ್ರಿಕ್ ಸಂಸ್ಥೆ ಫ್ರಾಂಕ್ ಶೈಲರ್ ರೂಪಿಸಿದ ಡಿ-12 ಎಂಬ ಮಾದರಿಯನ್ನು ಮಾರುಕಟ್ಟೆಗೆ ತಂದಿತು. ಪಿಂಗಾಣಿಯ ಪೀಠದ ಮೇಲೆ ನಿಂತ ಬರಿಮೈ ತಂತಿಗಳು, ಅವುಗಳಿಗೆ ಒರಗಿಸಿ ಹೋಳನ್ನಿಡಲು ಸರಿಗೆಯ ಚೌಕಟ್ಟು, ಇಷ್ಟೇ ಅದರ ರಚನೆ. ಗುಂಡಿಯಾಗಲಿ ಹೊರಕವಚವಾಗಲಿ ಇರಲಿಲ್ಲ. ಒಂದು ಮಗ್ಗುಲು ಬೆಂದ ಮೇಲೆ ಹೋಳನ್ನು ಕೈಯಿಂದ ಮಗುಚಬೇಕಿತ್ತು, ನಿಗಾ ತಪ್ಪಿದರೆ ಕರಕಲಾಗುತ್ತಿತ್ತು. ಪೀಠದ ಮೇಲೆ ಹೂಬಳ್ಳಿಯ ಚಿತ್ತಾರವಿದ್ದ ಮಾದರಿಯೂ ಮಾರಾಟಕ್ಕಿತ್ತೆಂಬುದು ಗಮನಾರ್ಹ, ಏಕೆಂದರೆ ಆಗಿನ ಟೋಸ್ಟರ್ ಅಡುಗೆಮನೆಯ ವಸ್ತುವಾಗಿರದೆ ಊಟದ ಮೇಜಿನ ಅಲಂಕಾರವಾಗಿತ್ತು. ಗೋಡೆಯಲ್ಲಿ ಪ್ಲಗ್ ಹಾಕುವ ವ್ಯವಸ್ಥೆ ಇನ್ನೂ ವಿರಳವಾಗಿದ್ದುದರಿಂದ ದೀಪದ ಹೋಲ್ಡರಿನಿಂದಲೇ ಅದಕ್ಕೆ ವಿದ್ಯುತ್ತು ಕೊಡುತ್ತಿದ್ದರು. ಅಮೆರಿಕದ ಅರ್ಧದಷ್ಟು ಮನೆಗಳಿಗೆ ವಿದ್ಯುತ್ತು ತಲುಪಿದ್ದು 1920ರ ದಶಕದ ನಡುಭಾಗದಲ್ಲಿ.

ಕಾವಲಿನ ಕೆಲಸ ಮನುಷ್ಯನಿಂದ ಯಂತ್ರಕ್ಕೆ ದಾಟಿದ್ದು ಕಂತುಕಂತಾಗಿ. ಮೊದಲ ಕಂತು ಮಗುಚುವುದು: ಮಿಷಿಗನ್ನಿನ ಫ್ಲಿಂಟ್ ನಗರದ ಕೋಪ್‌ಮನ್ ದಂಪತಿ, ಹೋಳನ್ನು ಬೆರಳಿನಿಂದ ಮುಟ್ಟದೆ ತಿರುಗಿಸುವ ಉಪಾಯಕ್ಕೆ 1910ರ ದಶಕದಲ್ಲಿ ಪೇಟೆಂಟ್ ಪಡೆದರು. ಎರಡನೆಯ ಮತ್ತು ನಿರ್ಣಾಯಕ ಕಂತು ನಿಲ್ಲಿಸುವುದು. ಮಿನ್ನೆಸೋಟದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಚಾರ್ಲ್ಸ್ ಸ್ಟ್ರೈಟ್, ಅಲ್ಲಿನ ಕ್ಯಾಂಟೀನಿನಲ್ಲಿ ಕರಕಲು ಟೋಸ್ಟ್ ತಿಂದು ಬೇಸತ್ತು ಈ ಕೆಲಸಕ್ಕೆ ಕೈಹಾಕಿದರೆಂದು ಹೇಳುತ್ತಾರೆ. ಅವರು 1919ರಲ್ಲಿ ಅರ್ಜಿ ಹಾಕಿ 1921ರ ಅಕ್ಟೋಬರಿನಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ ಹೋಳಿನ ಎರಡೂ ಮಗ್ಗುಲಿಗೆ ಏಕಕಾಲಕ್ಕೆ ಕಾವು ತಗುಲುತ್ತಿತ್ತು, ಕಾಲಮಾಪಕವೊಂದು ನಿಗದಿತ ಸಮಯಕ್ಕೆ ವಿದ್ಯುತ್ತನ್ನು ಕಡಿಯುತ್ತಿತ್ತು, ಸ್ಪ್ರಿಂಗ್ ಹೋಳನ್ನು ಮೇಲಕ್ಕೆತ್ತುತ್ತಿತ್ತು. ಮೊದಲು ಹೋಟೆಲು, ಕ್ಯಾಂಟೀನುಗಳಿಗಷ್ಟೇ ತಯಾರಾಗುತ್ತಿದ್ದ ಇದು, ಮಿನ್ನಿಯಾಪೊಲಿಸಿನ ವಾಟರ್ಸ್-ಜೆಂಟರ್ ಕಂಪನಿಯ ಮೂಲಕ 1926ರಲ್ಲಿ ಟೋಸ್ಟ್‌ಮಾಸ್ಟರ್ ಎಂಬ ಹೆಸರಿನಿಂದ ಮನೆಗಳಿಗೆ ಬಂತು. ಅದರಲ್ಲಿದ್ದದ್ದು ಒಂದೇ ಗಂಡಿ.

ಗಂಡಿಯಿರುವ ಯಂತ್ರಕ್ಕೆ ಗಂಡಿಯಲ್ಲಿ ಇಳಿಯುವಂಥ ಹೋಳು ಬೇಕು. ಮನೆಯ ಚಾಕುವಿನಿಂದ ಕೊಯ್ದ ಹೋಳು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಅದು ಗಂಡಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಇಲ್ಲವೆ ಒಂದೇ ಅಂಚು ಸುಡುತ್ತಿತ್ತು. ಈ ಕೊರತೆಯನ್ನು ತುಂಬಿದವರು ಟೋಸ್ಟರಿನೊಡನೆ ಯಾವ ಸಂಬಂಧವೂ ಇಲ್ಲದ, ಮೊದಲು ಆಭರಣದ ವ್ಯಾಪಾರಿಯಾಗಿದ್ದ ಆಟೊ ರೋವೆಡರ್. ಇಡೀ ಬ್ರೆಡ್ಡನ್ನು ಒಮ್ಮೆಗೇ ಸಮನಾದ ಹೋಳುಗಳಾಗಿ ಕೊಯ್ಯುವ ಯಂತ್ರವನ್ನು ಅವರು ರೂಪಿಸುತ್ತಿದ್ದಾಗ, 1917ರಲ್ಲಿ ಬೆಂಕಿಯೊಂದು ನಕ್ಷೆಗಳನ್ನೂ ಮಾದರಿಯನ್ನೂ ಸುಟ್ಟುಹಾಕಿತು. ಮತ್ತೆ ಮೊದಲಿನಿಂದ ಆರಂಭಿಸಿದ ಅವರ ಯಂತ್ರದಿಂದ ಕೊಯ್ದ ಬ್ರೆಡ್ ಮಿಸ್ಸೂರಿಯ ಚಿಲಿಕೊತೆ ಊರಿನ ಬೇಕರಿಯಲ್ಲಿ 1928ರ ಜುಲೈ 7ರಂದು ಮೊದಲ ಬಾರಿಗೆ ಮಾರಾಟಕ್ಕೆ ಬಂತು. ಕೊಯ್ದಿಟ್ಟ ಬ್ರೆಡ್ ಬೇಗ ಒಣಗುವುದೆಂಬ ಬೇಕರಿಯವರ ಆಕ್ಷೇಪಕ್ಕೆ, ಕೊಯ್ದ ಕೂಡಲೇ ಕಾಗದದಲ್ಲಿ ಸುತ್ತುವುದೇ ಪರಿಹಾರವಾಯಿತು. 1930ರ ದಶಕದಲ್ಲಿ ಟೋಸ್ಟರಿನಿಂದ ಹೋಳಿಗೂ ಹೋಳಿನಿಂದ ಟೋಸ್ಟರಿಗೂ ಬೇಡಿಕೆ ಹೆಚ್ಚಿತು, ಎರಡು ಗಂಡಿಯ ಮಾದರಿ ಮನೆಬಳಕೆಯಲ್ಲಿ ನೆಲೆಯೂರಿತು. ಈ ನಂಟು ಎಷ್ಟು ಗಟ್ಟಿಯಾಗಿತ್ತೆಂದರೆ, ಯುದ್ಧಕಾಲದಲ್ಲಿ ಸುತ್ತುವ ಕಾಗದವೇ ಮುಂತಾದುವನ್ನು ಉಳಿಸಲೆಂದು 1943ರ ಜನವರಿ 18ರಂದು ಅಮೆರಿಕದ ಸರ್ಕಾರ ಕೊಯ್ದ ಬ್ರೆಡ್ಡಿನ ಮಾರಾಟವನ್ನು ನಿಷೇಧಿಸಿದಾಗ, ಗೃಹಿಣಿಯರ ಪ್ರತಿಭಟನೆಯ ನಡುವೆ ಆ ನಿಷೇಧ ಎರಡು ತಿಂಗಳೂ ಬಾಳಲಿಲ್ಲ. ಮಾರ್ಚ್ 8ರಂದು ಅದನ್ನು ಹಿಂತೆಗೆದುಕೊಳ್ಳಲಾಯಿತು.

ಕಾವಲಿನ ಮೂರನೆಯ ಕಂತು ತೀರ್ಪಿನದು, ಮತ್ತು ಅತ್ಯಂತ ಕಠಿಣವಾದುದೂ ಅದೇ. ಬ್ರೆಡ್ ಕಂದಾಗುವುದು ಹಿಟ್ಟಿನಲ್ಲಿರುವ ಸಕ್ಕರೆಯ ಅಂಶಗಳೂ ಪ್ರೋಟೀನಿನ ಘಟಕಗಳೂ ಕಾವಿನಲ್ಲಿ ಕೂಡಿಕೊಳ್ಳುವುದರಿಂದ. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ರಸಾಯನಶಾಸ್ತ್ರಜ್ಞ ಲೂಯಿ ಕಮೀಲ್ ಮಯ್ಯಾರ್ ಅವರ ಹೆಸರಿನಿಂದಲೇ ಈ ಕ್ರಿಯೆ ಪ್ರಸಿದ್ಧವಾಗಿದೆ. ಇದು ಚುರುಕಾಗುವುದು ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ಆದರೆ ಮೈಯಲ್ಲಿ ನೀರಿರುವವರೆಗೆ ಹೋಳು 100 ಡಿಗ್ರಿಯ ಆಚೆಗೆ ಕಾಯುವುದಿಲ್ಲ. ಹಾಗಾಗಿ ಮೊದಲ ಒಂದೆರಡು ನಿಮಿಷ ಏನೂ ನಡೆಯದಂತೆ ತೋರಿ, ನೀರು ಆರಿದೊಡನೆ ಬಣ್ಣ ಸರಸರನೆ ಏರುತ್ತದೆ. ನಿನ್ನೆಯ ಬ್ರೆಡ್ ಇಂದಿನದಕ್ಕಿಂತ ಬೇಗ, ಹಾಲು ಸಕ್ಕರೆ ಬೆರೆತದ್ದು ಸಾದಾ ಬ್ರೆಡ್ಡಿಗಿಂತ ಬೇಗ ಕಂದಾಗುವುದರಿಂದ, ಬರೀ ಗಡಿಯಾರವನ್ನು ನಂಬಿದ ಯಂತ್ರ ಆಗಾಗ ಮೋಸಹೋಗುವುದು ಖಂಡಿತ. ಸನ್‌ಬೀಮ್ ಸಂಸ್ಥೆ 1949ರಲ್ಲಿ ಹೊರತಂದ ಟಿ-20 ಮಾದರಿ ಇದಕ್ಕೆ ಕೊಟ್ಟ ಉತ್ತರ ಇಂದಿಗೂ ಬೆರಗು ಹುಟ್ಟಿಸುತ್ತದೆ. ಅದರಲ್ಲಿ ಒತ್ತುವ ಸನ್ನೆಯೇ ಇರಲಿಲ್ಲ; ಹೋಳಿನ ಭಾರಕ್ಕೆ ಸ್ವಿಚ್ಚು ಚಾಲೂ ಆಗಿ, ಕಾಯ್ದ ತಂತಿ ಹಿಗ್ಗುವ ಬಲದಿಂದಲೇ ಹೋಳು ಮೆಲ್ಲನೆ ಕೆಳಗಿಳಿಯುತ್ತಿತ್ತು. ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದು ಮಾಡಿದ, ಕಾವಿಗೆ ಬಾಗುವ ದ್ವಿಲೋಹದ ಪಟ್ಟಿಯೊಂದು ಬ್ರೆಡ್ಡಿನ ಮೈಯಿಂದ ಹೊಮ್ಮುವ ಕಾವನ್ನೇ ಅಳೆದು, ಸಾಕೆನಿಸಿದಾಗ ವಿದ್ಯುತ್ತನ್ನು ಕಡಿಯುತ್ತಿತ್ತು.

ಇದೇ ಕಾಲದಲ್ಲಿ ಲಂಡನ್ನಿನಲ್ಲಿ ಇದಕ್ಕೆ ತೀರ ಎದುರಾದ ದಾರಿಯೊಂದು ತೆರೆದಿತ್ತು. ಜರ್ಮನಿ ಮೂಲದ ಮ್ಯಾಕ್ಸ್ ಗಾರ್ಟ್-ಬಾರ್ಟನ್ 1945ರಲ್ಲಿ ಕಟ್ಟಿದ ಡ್ಯುಆಲಿಟ್ ಸಂಸ್ಥೆಯ ಹೆಸರಾಂತ ಟೋಸ್ಟರಿನಲ್ಲಿ ಹೋಳು ಚಿಮ್ಮುವುದಿಲ್ಲ. ಕೀಲಿ ಕೊಡುವ ಕಾಲಮಾಪಕ ವಿದ್ಯುತ್ತನ್ನಷ್ಟೇ ನಿಲ್ಲಿಸುತ್ತದೆ, ಎತ್ತಿ ನೋಡುವ ಕೆಲಸ ಬಳಸುವವರದು. ಸುಟ್ಟುಹೋದ ತಂತಿಯ ಹಾಳೆಯನ್ನು ಮಾತ್ರ ಬಿಚ್ಚಿ ಹೊಸದನ್ನು ಹಾಕಬಹುದಾದ್ದರಿಂದ ಅದು ದಶಕಗಟ್ಟಲೆ ಬಾಳುತ್ತದೆ. ಮುಂದಿನ ಮಾರುಕಟ್ಟೆ ಈ ಎರಡು ದಾರಿಗಳನ್ನೂ ಬಿಟ್ಟು, ಮೂರನೆಯದಾದ ಅಗ್ಗದ ದಾರಿಯನ್ನೇ ಹಿಡಿಯಿತೆಂಬುದು ವಿಷಾದದ ಸಂಗತಿ.

ಕರ್ನಾಟಕದಲ್ಲಿ ಈ ಚರಿತ್ರೆ ಬೇರೊಂದು ಕ್ರಮದಲ್ಲಿ ನಡೆಯಿತು. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದು 1905ರ ಆಗಸ್ಟ್ 5ರಂದು, ಅಂದರೆ ಮಾರ್ಷ್‌ರ ತಂತಿಗೆ ಪೇಟೆಂಟ್ ಸಿಗುವುದಕ್ಕೆ ಆರು ತಿಂಗಳು ಮೊದಲು. ದಂಡುಪ್ರದೇಶದ ಬ್ರಿಟಿಷರ ದೆಸೆಯಿಂದ ಬ್ರೆಡ್ ಅದಕ್ಕೂ ಮೊದಲೇ ಬಂದಿತ್ತು. ಚಿಕ್ಕಪೇಟೆಯಲ್ಲಿ 1898ರಲ್ಲಿ ಆರಂಭವಾದ ಬಿ.ಬಿ. ಬೇಕರಿಯಿಂದ ಅಯ್ಯಂಗಾರ್ ಬೇಕರಿಗಳ ಪರಂಪರೆಯೂ ಶುರುವಾಗಿತ್ತು. ವಿದ್ಯುತ್ತೂ ಬ್ರೆಡ್ಡೂ ಹೀಗೆ ಒಟ್ಟಿಗಿದ್ದರೂ ಟೋಸ್ಟರ್ ಬೇಗನೆ ಬರಲಿಲ್ಲ, ಏಕೆಂದರೆ ಬೆಳಗಿನ ತಿಂಡಿಯ ಜಾಗ ದೋಸೆ, ರೊಟ್ಟಿ, ಉಪ್ಪಿಟ್ಟುಗಳಿಂದ ಭರ್ತಿಯಾಗಿತ್ತು. ಬ್ರೆಡ್ ಬಹುಕಾಲ ಜ್ವರ ಬಂದವರಿಗೆ ಹಾಲಿನಲ್ಲಿ ಅದ್ದಿ ಕೊಡುವ ಪಥ್ಯವಾಗಿಯೇ ಉಳಿಯಿತು. ಬೇಕರಿಗಳಲ್ಲಿ ಟೋಸ್ಟ್ ಎಂದರೆ ಕಾವಲಿಯ ಮೇಲೆ ಬೆಣ್ಣೆ ಸವರಿ ಬೇಯಿಸಿ, ಈರುಳ್ಳಿ ಕ್ಯಾರೆಟ್ಟಿನ ಖಾರದ ಪಲ್ಯ ಹರಡಿದ ಹೋಳು. ಅದನ್ನು ಯಾವ ಗಂಡಿಯೊಳಗೂ ಇಳಿಸಲಾಗದು. 1965ರಲ್ಲಿ ಭಾರತ ಸರ್ಕಾರ ಮಾಡರ್ನ್ ಬೇಕರೀಸ್ ಸ್ಥಾಪಿಸಿ, ಯಂತ್ರದಿಂದ ಕೊಯ್ದು ಸುತ್ತಿದ ಬ್ರೆಡ್ಡನ್ನು ನಗರಗಳ ಅಂಗಡಿಗಳಿಗೆ ತಲುಪಿಸಿದ ಮೇಲೆಯೇ ಟೋಸ್ಟರಿಗೆ ತಕ್ಕ ಹೋಳು ಇಲ್ಲಿನ ಮಧ್ಯಮವರ್ಗದ ಮನೆಗಳಲ್ಲಿ ಸಾಮಾನ್ಯವಾಯಿತು. ಅಮೆರಿಕದಲ್ಲಿ ನೆಲೆಸಿದ ಬಂಧುಗಳು ಅಲ್ಲಿಂದ ತಂದ ಟೋಸ್ಟರುಗಳು ಇಲ್ಲಿ ಬಾಳದಿರಲು ಕಾರಣ ಲೆಕ್ಕದಲ್ಲಿದೆ: 120 ವೋಲ್ಟಿಗೆ 800 ವ್ಯಾಟ್ ಬಳಸುವಂತೆ ಅಳತೆ ಮಾಡಿದ ತಂತಿ 230 ವೋಲ್ಟಿನಲ್ಲಿ ಸುಮಾರು 2,900 ವ್ಯಾಟ್ ಎಳೆದುಕೊಳ್ಳುತ್ತದೆ.

ಇಂದು ಅಂಗಡಿಯಲ್ಲಿ ಎರಡು ಹೋಳಿನ ಟೋಸ್ಟರನ್ನು ಆರಿಸುವವರು ನಿಜಕ್ಕೂ ಪರೀಕ್ಷಿಸಬೇಕಾದದ್ದು ಈ ಕಾವಲನ್ನೇ. ಅಗ್ಗದ ಯಂತ್ರಗಳಲ್ಲಿ ಅದು ಒಂದು ಸಣ್ಣ ಎಲೆಕ್ಟ್ರಾನಿಕ್ ಕಾಲಮಾಪಕ. ಗುಂಡಿಯ ಮೇಲಿನ ಅಂಕಿಗಳು ಹೆಚ್ಚಿನವುಗಳಲ್ಲಿ ನಿಮಿಷವನ್ನಾಗಲಿ ಡಿಗ್ರಿಯನ್ನಾಗಲಿ ಸೂಚಿಸುವುದಿಲ್ಲ, ಒಂದು ಕಂಪನಿಯ ಮೂರು ಇನ್ನೊಂದರ ನಾಲ್ಕಕ್ಕೆ ಸಮನಾಗಿರಬಹುದು. ಒಳಗೋಡೆ ಕಾಯ್ದಿರುವುದನ್ನು ಇಂಥ ಮಾಪಕ ಅರಿಯದಿದ್ದರೆ ಎರಡನೆಯ ಜೋಡಿ ಹೋಳು ಮೊದಲನೆಯದಕ್ಕಿಂತ ಕಪ್ಪಾಗುತ್ತದೆ; ಅಂಕಿಯನ್ನು ಆಗ ಒಂದು ಮೆಟ್ಟಿಲು ಇಳಿಸುವುದು ಸರಿಯಾದ ಕ್ರಮ. ಖರ್ಚಿನ ಚಿಂತೆ ಅನಗತ್ಯ, 800 ವ್ಯಾಟಿನ ಯಂತ್ರ ಎರಡೂವರೆ ನಿಮಿಷದಂತೆ ಮೂವತ್ತು ಬಾರಿ ಉರಿದರೆ ಒಂದು ಯೂನಿಟ್ ವಿದ್ಯುತ್ತು. ಪುಡಿ ಉದುರುವ ತಟ್ಟೆ ಎಳೆದು ತೆಗೆಯುವಂತಿರಬೇಕು, ಅದನ್ನು ವಾರಕ್ಕೊಮ್ಮೆಯಾದರೂ ಕೊಡವಬೇಕು. ಹಾಗೆ ಮಾಡದಿದ್ದರೆ ಹೊಗೆಯ ಜೊತೆಗೆ ಇರುವೆ, ಜಿರಳೆಗಳೂ ಬರುತ್ತವೆ. ಸಿಕ್ಕಿಕೊಂಡ ಹೋಳನ್ನು ಪ್ಲಗ್ ಕೀಳದೆ ಚಾಕುವಿನಿಂದ ಎಬ್ಬಿಸುವುದು ಪ್ರಾಣಾಪಾಯದ ಕೆಲಸ, ಏಕೆಂದರೆ 1909ರ ಬರಿಮೈ ತಂತಿ ಇಂದಿನ ಹೊಳೆಯುವ ಕವಚದೊಳಗೂ ಬರಿಮೈಯಲ್ಲೇ ಇದೆ.

ಸನ್ನೆಯನ್ನು ಕೆಳಗೆ ಹಿಡಿದಿಡುವುದು ಈಗಿನ ಹೆಚ್ಚಿನ ಮಾದರಿಗಳಲ್ಲಿ ಒಂದು ವಿದ್ಯುತ್ಕಾಂತ, ಅಂದರೆ ವಿದ್ಯುತ್ತು ಹರಿಯುವವರೆಗೆ ಮಾತ್ರ ಅಯಸ್ಕಾಂತವಾಗಿರುವ ಸುರುಳಿ. ಆದ್ದರಿಂದ ಬೆಳಗಿನ ಹೊತ್ತು ಕರೆಂಟ್ ಹೋದ ಕ್ಷಣದಲ್ಲೇ ಅದರ ಹಿಡಿತ ತಪ್ಪಿ ಹೋಳುಗಳು ಅರೆಬೆಂದು ಮೇಲೆದ್ದು ಬರುತ್ತವೆ. ಉಳಿದರ್ಧವನ್ನು ಕಾವಲಿಯ ಮೇಲಿಟ್ಟು, ಪಕ್ಕದಲ್ಲೇ ನಿಂತು ಮುಗಿಸಬೇಕಾಗುತ್ತದೆ.