ಈ ಎರಡು ಫೈಲ್ ಒಂದೇನಾ? ಹೋಲಿಕೆಯ ಅರ್ಧ ಶತಮಾನ

ಒಂದೇ ಮದುವೆಯ ಕರೆಯೋಲೆ ನಾಲ್ಕು ವಾಟ್ಸ್‌ಆ್ಯಪ್ ಗುಂಪುಗಳಿಂದ ಬಂದು ಫೋನಿನಲ್ಲಿ ಕೂರುತ್ತದೆ. ಒಂದರ ಹೆಸರಿನ ಕೊನೆಗೆ ಡಬ್ಲ್ಯೂಎ0003 ಎಂದಿದ್ದರೆ ಇನ್ನೊಂದಕ್ಕೆ ಡಬ್ಲ್ಯೂಎ0017. ಬಂದ ತಾರೀಖೂ ಬೇರೆ. ಇವೆಲ್ಲ ಒಂದೇ ಪಿಡಿಎಫ್ ಹೌದೋ ಅಲ್ಲವೋ ಎಂದು ತಿಳಿಯಲು ಹೆಸರು, ತಾರೀಖು ಸಾಲದು. ಒಳಗೇನಿದೆ ಎಂದೇ ನೋಡಬೇಕು. ಜಾಗ ತುಂಬಿತೆಂದು ಫೋನು ಎಚ್ಚರಿಸಿದಾಗ ನಾವು ತೆರೆಯುವ ‘ಡೂಪ್ಲಿಕೇಟ್ ಫೈಲ್’ ಪಟ್ಟಿಯ ಹಿಂದೆ ಐವತ್ತಕ್ಕೂ ಹೆಚ್ಚು ವರ್ಷಗಳ ಚಿಂತನೆ ಇದೆ. ಆ ಚಿಂತನೆ ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಹಿಡಿದು ಬೆಳೆಯಿತು. ಎರಡು ಫೈಲುಗಳು ಎಲ್ಲಿ ಬೇರೆಯಾಗುತ್ತವೆ? ಪೂರ್ತಿ ಒಂದೇ ಆಗಿವೆಯೇ? ನೋಡುವವರ ಕಣ್ಣಿಗೆ ಒಂದೇ ಅನಿಸುತ್ತವೆಯೇ? ಇಂದಿನ ಫೋನು ಈ ಪ್ರಶ್ನೆಗಳ ಉತ್ತರವನ್ನು ಒಂದೇ ಗುಂಡಿಯ ಕೆಳಗೆ ತಂದಿಟ್ಟಿದೆ. ಅಳಿಸುವ ಮುನ್ನ ಅವನ್ನು ಬಿಡಿಸಿ ನೋಡುವುದು ಒಳ್ಳೆಯದು.

ಸಾಲಿಗೆ ಸಾಲು

ಯುನಿಕ್ಸ್ ಎಂಬ ಕಂಪ್ಯೂಟರ್ ಕಾರ್ಯಾಚರಣೆ ವ್ಯವಸ್ಥೆಯ 1971ರ ಮೊದಲ ಆವೃತ್ತಿಯಲ್ಲೇ ‘ಸಿಎಂಪಿ’ ಎಂಬ ಪುಟ್ಟ ಆದೇಶವಿತ್ತು. ಅದು ಎರಡು ಫೈಲುಗಳನ್ನು ಮೊದಲಿಂದ ಬೈಟಿಗೆ ಬೈಟು ಓದಿ, ವ್ಯತ್ಯಾಸ ಎಲ್ಲೆಲ್ಲಿದೆ ಎಂದು ತಿಳಿಸುತ್ತಿತ್ತು. ಆದರೆ ಶುರುವಿನಲ್ಲಿ ಒಂದೇ ಒಂದು ಅಕ್ಷರ ಸೇರಿಸಿದರೂ ಮುಂದಿನದೆಲ್ಲ ಜರುಗಿ, ಇಡೀ ಫೈಲೇ ಬೇರೆ ಎಂಬಂತೆ ಕಾಣುತ್ತಿತ್ತು.

ಇದಕ್ಕೆ ಪರಿಹಾರ ಬಂದದ್ದು ಯುನಿಕ್ಸ್ ಹುಟ್ಟಿದ ಅಮೆರಿಕದ ಬೆಲ್ ಲ್ಯಾಬ್ಸ್‌ನಿಂದಲೇ. ಡಗ್ಲಸ್ ಮೆಕ್‌ಇಲ್ರಾಯ್ ಬರೆದ ‘ಡಿಫ್’ 1974ರ ಐದನೇ ಯುನಿಕ್ಸ್ ಆವೃತ್ತಿಯೊಂದಿಗೆ ಹೊರಬಂತು. ಅದರ ಗಣಿತವನ್ನು ಅವರು ಜೇಮ್ಸ್ ಹಂಟ್ ಜೊತೆ 1976ರ ವರದಿಯಲ್ಲಿ ವಿವರಿಸಿದರು. ಎರಡೂ ಫೈಲುಗಳಲ್ಲಿ ಅದೇ ಕ್ರಮದಲ್ಲಿ ಬರುವ ಸಾಲುಗಳ ಅತಿ ಉದ್ದದ ಸರಣಿಯನ್ನು ಹುಡುಕಬೇಕು. ಅದರಾಚೆ ಉಳಿದವು ಸೇರಿಸಿದ ಅಥವಾ ತೆಗೆದ ಸಾಲುಗಳು. 1986ರಲ್ಲಿ ಯೂಜೀನ್ ಮೈಯರ್ಸ್ ಈ ಹುಡುಕಾಟವನ್ನು ಚುರುಕುಗೊಳಿಸಿದರು: ವ್ಯತ್ಯಾಸ ಕಡಿಮೆ ಇದ್ದಷ್ಟೂ ಕೆಲಸ ಬೇಗ ಮುಗಿಯುತ್ತದೆ. ಪ್ರೋಗ್ರಾಮರುಗಳು ದಿನವೂ ಬಳಸುವ ಗಿಟ್ ಇವತ್ತಿಗೂ ಇದೇ ದಾರಿ ಹಿಡಿಯುತ್ತದೆ. ಮೈಯರ್ಸ್ ಮುಂದೆ ಮಾನವ ಜೀನೋಮ್ ಜೋಡಿಸುವ ಕೆಲಸದಲ್ಲಿ ಹೆಸರಾದರು. ಡಿಎನ್‌ಎ ಕೂಡ ಹೋಲಿಸಬೇಕಾದ ಉದ್ದನೆಯ ಅಕ್ಷರಮಾಲೆಯೇ.

2015ರ ಆಂಡ್ರಾಯ್ಡ್ 6ರೊಂದಿಗೆ ಬಂದ ಟಾಯ್‌ಬಾಕ್ಸ್ ಎಂಬ ಉಪಕರಣಗಳ ಗಂಟಿನಲ್ಲಿ ಆ ಹಳೆಯ ಸಿಎಂಪಿಯೂ ಇದೆ. ಟರ್ಮಕ್ಸ್ ಆ್ಯಪ್ ಹಾಕಿಕೊಂಡರೆ ಡಿಫ್ ಅನ್ನೂ ಫೋನಿನಲ್ಲೇ ಓಡಿಸಬಹುದು.

ಫೈಲಿನ ಬೆರಳಚ್ಚು

ಫೋನಿನಲ್ಲಿ ಸಾವಿರ ಫೈಲುಗಳಿದ್ದರೆ ಜೋಡಿ ಜೋಡಿಯಾಗಿ ಹೋಲಿಸಲು 4,99,500 ಹೋಲಿಕೆಗಳು ಬೇಕು. ಅಷ್ಟು ಮಾಡುವಷ್ಟರಲ್ಲಿ ಬ್ಯಾಟರಿ ಇಳಿದಿರುತ್ತದೆ. ಇಲ್ಲಿ ನೆರವಿಗೆ ಬಂದದ್ದು ಹ್ಯಾಶ್. ಪ್ರತಿ ಫೈಲನ್ನೂ ಒಮ್ಮೆ ಓದಿ ಅದರಿಂದ ಒಂದು ಚಿಕ್ಕ ಬೆರಳಚ್ಚು ತೆಗೆದಿಟ್ಟುಕೊಂಡರೆ ಆಮೇಲೆ ಹೋಲಿಸಬೇಕಾದ್ದು ಬೆರಳಚ್ಚುಗಳನ್ನು ಮಾತ್ರ. ರೊನಾಲ್ಡ್ ರಿವೆಸ್ಟ್ ರೂಪಿಸಿ 1992ರಲ್ಲಿ ಪ್ರಕಟಿಸಿದ ಎಂಡಿ5, ಎಷ್ಟೇ ದೊಡ್ಡ ಫೈಲಿಗೂ 32 ಚಿಹ್ನೆಗಳ ಒಂದು ಸಾಲು ಕೊಡುತ್ತದೆ. ಫೈಲಿನಲ್ಲಿ ಒಂದು ಅಲ್ಪವಿರಾಮ ಬದಲಾದರೂ ಆ ಸಾಲು ಗುರುತೇ ಸಿಗದಷ್ಟು ಬದಲಾಗುತ್ತದೆ. 1996ರಲ್ಲಿ ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಿಂದ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕೆರಾಸ್ ತಂದ ಆರ್‌ಸಿಂಕ್ ಈ ಬೆರಳಚ್ಚಿನ ಉಪಾಯವನ್ನೇ ಫೈಲಿನ ತುಂಡು ತುಂಡಿಗೂ ಬಳಸಿ, ಬದಲಾದ ಭಾಗವನ್ನಷ್ಟೇ ನೆಟ್‌ವರ್ಕಿನಲ್ಲಿ ಕಳಿಸುವುದನ್ನು ಸಾಧ್ಯವಾಗಿಸಿತು.

ಜಾಣತನದಿಂದ ಬರೆದ ಡೂಪ್ಲಿಕೇಟ್ ಹುಡುಕುವ ಆ್ಯಪ್ ಮೂರು ಹೆಜ್ಜೆ ಇಡುತ್ತದೆ. ಮೊದಲು ಗಾತ್ರ ನೋಡುತ್ತದೆ. ಗಾತ್ರ ಬೇರೆಯಾದರೆ ಓದುವ ಅಗತ್ಯವೇ ಇಲ್ಲ. ಗಾತ್ರ ಒಂದೇ ಆದರೆ ಆರಂಭದ ಕೆಲವು ಕಿಲೋಬೈಟುಗಳ ಹ್ಯಾಶ್ ತೆಗೆಯುತ್ತದೆ. ಅದೂ ಹೊಂದಿದರೆ ಮಾತ್ರ ಪೂರ್ತಿ ಫೈಲಿನದು.

ಆದರೆ ಬೇರೆ ಬೇರೆ ಫೈಲುಗಳಿಗೂ ಒಂದೇ ಬೆರಳಚ್ಚು ಬರುವಂತೆ ಮಾಡಬಹುದು. 2004ರಲ್ಲಿ ಚೀನಾದ ಶಿಯಾಯುನ್ ವಾಂಗ್ ಮತ್ತು ಸಂಗಡಿಗರು ಒಂದೇ ಎಂಡಿ5 ಬರುವ ಎರಡು ಬೇರೆ ದತ್ತಾಂಶಗಳನ್ನು ತೋರಿಸಿದರು. 2017ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯೂಐ ಸಂಸ್ಥೆ ಮತ್ತು ಗೂಗಲ್ ಒಂದೇ ಎಸ್‌ಎಚ್‌ಎ-1 (ಇನ್ನೊಂದು ಬಗೆಯ ಹ್ಯಾಶ್) ಇರುವ ಎರಡು ಪಿಡಿಎಫ್‌ಗಳನ್ನು ಮುಂದಿಟ್ಟವು. ಕರೆಯೋಲೆಯ ನಕಲು ಹುಡುಕಲು ಎಂಡಿ5 ಈಗಲೂ ಸಾಕು. ಮೋಸ ನಡೆಯಬಹುದಾದ ಕಡೆ ಎಸ್‌ಎಚ್‌ಎ-256ರಂಥ ಗಟ್ಟಿಯಾದ ಹ್ಯಾಶ್ ಬೇಕೇ ಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ, ಫೋನಿನಂಥ ಸಾಧನದಿಂದ ಪಡೆದ ದಾಖಲೆಯ ಜೊತೆ ಕೊಡಬೇಕಾದ ಪ್ರಮಾಣಪತ್ರದ ನಮೂನೆಯಲ್ಲೇ ಹ್ಯಾಶ್ ಬರೆಯಲು ಜಾಗವಿದೆ. ಹೋಲಿಕೆಯ ಗಣಿತ ಹೀಗೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ.

ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ

ಹ್ಯಾಶ್ ಸೋಲುವುದು ಫೋಟೋಗಳ ಮುಂದೆ. ಕ್ಯಾಮೆರಾದ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಬೈಟುಗಳೆಲ್ಲ ಬದಲಾಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮಾತ್ರ ಇದ್ದ ಹಾಗೇ ತಲುಪುತ್ತದೆ.

ಇಂಥ ಚಿತ್ರಗಳಿಗೆ ಬೇರೆ ಬಗೆಯ ಗುರುತು ಬೇಕಾಯಿತು. 2009ರಲ್ಲಿ ಮೈಕ್ರೋಸಾಫ್ಟ್ ಮತ್ತು ಡಾರ್ಟ್‌ಮತ್ ಕಾಲೇಜಿನ ಹ್ಯಾನಿ ಫರೀದ್, ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳು ಮತ್ತೆ ಮತ್ತೆ ಹರಡುವುದನ್ನು ತಡೆಯಲು ಫೋಟೋಡಿಎನ್‌ಎ ರೂಪಿಸಿದರು. ಈ ಜಾತಿಯ ಸರಳ ವಿಧಾನವೊಂದು ಹೀಗಿದೆ: ಚಿತ್ರವನ್ನು ಅಡ್ಡಕ್ಕೆ 9, ಉದ್ದಕ್ಕೆ 8 ಚುಕ್ಕಿಗಳಿಗೆ ಕುಗ್ಗಿಸಿ, ಬಣ್ಣ ತೆಗೆದುಹಾಕಬೇಕು. ಪ್ರತಿ ಚುಕ್ಕಿಯೂ ತನ್ನ ಬಲಗಡೆಯದಕ್ಕಿಂತ ಬೆಳಕಾಗಿದೆಯೇ ಎಂದು ನೋಡಿ 1 ಅಥವಾ 0 ಬರೆಯಬೇಕು. 64 ಬಿಟ್‌ಗಳ ಗುರುತು ಸಿದ್ಧ. ಎರಡು ಗುರುತುಗಳಲ್ಲಿ ಎಷ್ಟು ಬಿಟ್ ಬೇರೆ ಎಂದು ಎಣಿಸಿದರೆ ಹೋಲಿಕೆ ಮುಗಿಯಿತು.

ಭಾರತದ ಫೋನುಗಳು ‘ಶುಭೋದಯ’ ಚಿತ್ರಗಳಿಂದ ತುಂಬಿ ತುಳುಕುತ್ತಿದ್ದುದನ್ನು ಗೂಗಲ್ ಗಮನಿಸಿತ್ತು. ಅದು 2017ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದ ಫೈಲ್ಸ್ ಗೋ ಆ್ಯಪ್, ಅಂಥ ಚಿತ್ರಗಳನ್ನೂ ನಕಲುಗಳನ್ನೂ ಹೆಕ್ಕಿ ತೋರಿಸುತ್ತಿತ್ತು. ಐಫೋನಿನ ಫೋಟೋಸ್‌ನಲ್ಲಿ ಡೂಪ್ಲಿಕೇಟ್ ಆಲ್ಬಮ್ 2022ರ ಐಒಎಸ್ 16ರಲ್ಲಿ ಬಂತು.

‘ಎಷ್ಟು ಬಿಟ್ ಬೇರೆಯಾದರೂ ಒಂದೇ ಎನ್ನಬಹುದು’ ಎಂಬ ಗಡಿಯನ್ನು ಎಳೆಯುವವರು ಆ್ಯಪ್ ಬರೆದವರು. ಅಜ್ಜಿಯ ಸುತ್ತ ಮನೆಯವರೆಲ್ಲ ನಿಂತು ತೆಗೆಸಿಕೊಂಡ ಬೆನ್ನುಬೆನ್ನಿನ ಎರಡು ಫೋಟೋಗಳಲ್ಲಿ ಒಂದರಲ್ಲಿ ಮಾತ್ರ ಅಜ್ಜಿ ಕಣ್ಣು ಬಿಟ್ಟಿರಬಹುದು. 72 ಚುಕ್ಕಿಗಳ ಲೆಕ್ಕದಲ್ಲಿ ಆ ಕಣ್ಣು ಸಿಕ್ಕುವುದೇ ಇಲ್ಲ.

ಕನ್ನಡ ಪಠ್ಯದ ತೊಡಕು

ಕನ್ನಡ ಬರೆಹಕ್ಕೆ ಬಂದರೆ ಸಮಸ್ಯೆ ಇನ್ನೂ ಸೂಕ್ಷ್ಮ. ‘ಲೋಕ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಯುನಿಕೋಡ್‌ನಲ್ಲಿ ‘ಲೋ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊಕಾರದ ಚಿಹ್ನೆ, ದೀರ್ಘ ಎಂದು ಮೂರು ಸಂಕೇತಗಳಾಗಿಯೂ ಬರೆಯಬಹುದು. ಯುಟಿಎಫ್-8 ಎಂಬ, ಯುನಿಕೋಡನ್ನು ಬೈಟುಗಳಾಗಿ ಬರೆದಿಡುವ ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು. ಹಾಗಾಗಿ ಮೊದಲ ‘ಲೋಕ’ 9 ಬೈಟು, ಎರಡನೆಯದು 15. ತೆರೆಯ ಮೇಲೆ ಎರಡೂ ತದ್ರೂಪು. ಡಿಫ್‌ಗೆ ಎರಡೂ ಬೇರೆ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವ ವಿಧಾನವನ್ನು ಯುನಿಕೋಡ್ ಕೊಟ್ಟಿದೆ. ಅದನ್ನು ಬಳಸುವ ಶ್ರಮವನ್ನು ಆ್ಯಪ್ ತೆಗೆದುಕೊಳ್ಳಬೇಕು. ಯುನಿಕೋಡ್ ಪೂರ್ವದ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಹಳೆಯ ಕಡತಗಳ ಪಾಡು ಇನ್ನೂ ಕಷ್ಟ. ಅವನ್ನು ಮೊದಲು ಯುನಿಕೋಡಿಗೆ ಪರಿವರ್ತಿಸದಿದ್ದರೆ ಯುನಿಕೋಡ್ ಪಠ್ಯದೊಂದಿಗೆ ಹೋಲಿಸುವುದಕ್ಕೆ ಅರ್ಥವೇ ಇಲ್ಲ.

ಡಿಫ್ ಹುಟ್ಟಿದ್ದು ಪ್ರೋಗ್ರಾಮುಗಳಿಗಾಗಿ, ಅಲ್ಲಿ ಸಾಲುಗಳು ಚಿಕ್ಕವು. ನಮ್ಮ ಲೇಖನಗಳಲ್ಲಿ ಇಡೀ ಪ್ಯಾರಾ ಒಂದೇ ಸಾಲು. ಒಂದು ಒತ್ತು ತಿದ್ದಿದರೂ ಪ್ಯಾರಾವೆಲ್ಲ ಬದಲಾಗಿದೆ ಎಂದು ಡಿಫ್ ತೋರಿಸುತ್ತದೆ. ಸಂಕೇತದ ಮಟ್ಟಕ್ಕೆ ಇಳಿದರೆ ಅಕ್ಷರ ಒಡೆದು ಬರಿಯ ಒತ್ತೊಂದೇ ಕಾಣಿಸಿಕೊಳ್ಳುತ್ತದೆ. ಓಲೆಗರಿಗಳನ್ನು ಹೋಲಿಸಿ ಪಾಠಾಂತರ ಗುರುತಿಸಿದ ಡಿ.ಎಲ್. ನರಸಿಂಹಾಚಾರ್ ಅವರಂಥ ಸಂಪಾದಕರು ಹೋಲಿಸುತ್ತಿದ್ದದ್ದು ಅಕ್ಷರವನ್ನು, ಪದವನ್ನು. ಕನ್ನಡಕ್ಕೆ ಬೇಕಾದ ಉಪಕರಣವೂ ಅದೇ ಘಟಕಗಳಲ್ಲಿ ಯೋಚಿಸಬೇಕು.

ಅಳಿಸುವ ಮುನ್ನ

ಫೋನಿನ ಉತ್ತರಕ್ಕೆ ಇನ್ನೂ ಒಂದು ಮಿತಿಯಿದೆ. ಆಂಡ್ರಾಯ್ಡ್ 11ರಿಂದ ಆ್ಯಪ್‌ಗಳಿಗೆ ಎಲ್ಲ ಫೋಲ್ಡರುಗಳೂ ತಾನಾಗಿ ತೆರೆದುಕೊಳ್ಳುವುದಿಲ್ಲ. ಖಾಸಗಿತನದ ದೃಷ್ಟಿಯಿಂದ ಇದು ಸರಿಯಾದ ಕ್ರಮವೇ. ಆದರೆ ‘ನಕಲು ಇಲ್ಲ’ ಎಂದು ಆ್ಯಪ್ ಹೇಳಿದರೆ, ಅದಕ್ಕೆ ನೋಡಲು ಬಿಟ್ಟಷ್ಟರಲ್ಲಿ ಇಲ್ಲ ಎಂದು ತಿಳಿಯಬೇಕು.

ಬೈಟಿಗೆ ಬೈಟು ಹೊಂದಿದ ನಕಲನ್ನು ಯಂತ್ರದ ಮಾತಿನ ಮೇಲೆ ಅಳಿಸಬಹುದು. ಪಠ್ಯ ಒಂದೇ, ಚಿತ್ರ ಒಂದೇ ಎಂದು ಅದು ಹೇಳಿದಾಗ ತೆರೆದು ನೋಡಬೇಕು. ಮನೆಯ ಫೋಟೋಗಳೂ ಆಸ್ತಿಯ ಕಾಗದಗಳೂ ಇಂದು ಅನೇಕರ ಬಳಿ ಫೋನಿನಲ್ಲಿ ಮಾತ್ರ ಇವೆ. ಆದ್ದರಿಂದ ಯಾವ ಅರ್ಥದಲ್ಲಿ ‘ಒಂದೇ’ ಎನ್ನುತ್ತಿದ್ದೇನೆ ಎಂಬುದನ್ನು ಪ್ರತಿ ಆ್ಯಪ್ ಅಳಿಸುವ ಗುಂಡಿಯ ಪಕ್ಕದಲ್ಲೇ, ಬಳಸುವವರ ಭಾಷೆಯಲ್ಲಿ ಬರೆಯಬೇಕು. ತಂತ್ರಜ್ಞಾನ ಇಷ್ಟು ದೂರ ಬಂದಿರುವಾಗ ಇದು ದೊಡ್ಡ ಬೇಡಿಕೆಯೇನಲ್ಲ.