ಪಾಲಿಯುರೆಥೇನ್ ವೇಗವರ್ಧಕಗಳು

ಪಾಲಿಯುರೆಥೇನ್ ವೇಗವರ್ಧಕಗಳು ಐಸೊಸಯನೇಟ್ ಮತ್ತು ಪಾಲಿಯಾಲ್ ಎಂಬ ಸಂಯುಕ್ತಗಳು ಸೇರಿ ಪಾಲಿಯುರೆಥೇನ್ ಉಂಟಾಗುವ ರಾಸಾಯನಿಕ ಕ್ರಿಯೆಗಳ ವೇಗವನ್ನು ಹೆಚ್ಚಿಸುವ ವಸ್ತುಗಳು. ಹಾಸಿಗೆಯ ಫೋಮ್, ವಾಹನಗಳ ಆಸನ, ಪಾದರಕ್ಷೆಯ ಅಟ್ಟೆ, ಫ್ರಿಜ್ಜಿನ ಗೋಡೆಯೊಳಗಿನ ಉಷ್ಣನಿರೋಧಕ, ಅಂಟು, ಮರದ ಮೆರುಗು ಮೊದಲಾದವು ಪಾಲಿಯುರೆಥೇನಿನ ವಿವಿಧ ರೂಪಗಳು. ವೇಗವರ್ಧಕದ ಪ್ರಮಾಣ ಅತ್ಯಲ್ಪವಾದರೂ, ಏಕಕಾಲಕ್ಕೆ ನಡೆಯುವ ಕ್ರಿಯೆಗಳಲ್ಲಿ ಯಾವುದು ಮುಂದಾಗಬೇಕು ಎಂಬುದು ಬಹುಮಟ್ಟಿಗೆ ಅದರಿಂದಲೇ ನಿರ್ಧಾರವಾಗುತ್ತದೆ. ತಯಾರಿಕೆಯ ನಂತರ ಅದನ್ನು ಸಾಮಾನ್ಯವಾಗಿ ಬೇರ್ಪಡಿಸುವುದಿಲ್ಲ. ಅದು ಸಿದ್ಧವಸ್ತುವಿನಲ್ಲಿಯೇ ಉಳಿಯುತ್ತದೆ. ಆದ್ದರಿಂದ ವೇಗವರ್ಧಕದ ಆಯ್ಕೆಯು ಗುಣಮಟ್ಟದ ವಿಷಯವಾಗಿರುವಂತೆ ಆರೋಗ್ಯದ ವಿಷಯವೂ ಆಗಿದೆ.

ಹಿನ್ನೆಲೆ

ಫ್ರಾನ್ಸಿನ ರಸಾಯನವಿಜ್ಞಾನಿ ಚಾರ್ಲ್ಸ್ ಅಡಾಲ್ಫ್ ವುರ್ಟ್ಸ್ 1849ರಲ್ಲಿ ಐಸೊಸಯನೇಟುಗಳನ್ನು ತಯಾರಿಸಿದನು. ಜರ್ಮನಿಯ ಲೆವರ್‌ಕುಸೆನ್‌ನಲ್ಲಿ ಆಟೊ ಬೇಯರ್ ಮತ್ತು ಸಹೋದ್ಯೋಗಿಗಳು 1937ರಲ್ಲಿ ಪಾಲಿಯುರೆಥೇನನ್ನು ಕಂಡುಹಿಡಿದರು. ಮುಂದೆ ಅಗ್ಗದ ಪಾಲಿಈಥರ್ ಪಾಲಿಯಾಲ್‌ಗಳು ಬಳಕೆಗೆ ಬಂದಾಗ, ಅವು ಐಸೊಸಯನೇಟಿನೊಂದಿಗೆ ನಿಧಾನವಾಗಿ ವರ್ತಿಸುತ್ತಿದ್ದುದರಿಂದ ಫೋಮನ್ನು ಎರಡು ಹಂತಗಳಲ್ಲಿ ತಯಾರಿಸಬೇಕಾಗುತ್ತಿತ್ತು. 1950ರ ದಶಕದ ಕೊನೆಯಲ್ಲಿ ತವರದ ಸಂಯುಕ್ತಗಳು ಮತ್ತು ಪ್ರಬಲ ಅಮೀನ್‌ಗಳು ದೊರೆತ ಮೇಲೆ ಎಲ್ಲ ಘಟಕಗಳನ್ನೂ ಒಮ್ಮೆಗೇ ಬೆರೆಸುವ ವಿಧಾನ ಸಾಧ್ಯವಾಯಿತು.

ಮೂಲ ಕ್ರಿಯೆಗಳು

ಫೋಮ್ ತಯಾರಿಕೆಯಲ್ಲಿ ಮುಖ್ಯವಾಗಿ ಎರಡು ಕ್ರಿಯೆಗಳು ಜೊತೆಜೊತೆಯಾಗಿ ನಡೆಯುತ್ತವೆ.

ಜೆಲ್ ಕ್ರಿಯೆ: ಐಸೊಸಯನೇಟ್ ಗುಂಪು ಪಾಲಿಯಾಲ್‌ನ ಹೈಡ್ರಾಕ್ಸಿಲ್ ಗುಂಪಿನೊಡನೆ ಸೇರಿ ಯುರೆಥೇನ್ ಬಂಧ ಉಂಟಾಗುತ್ತದೆ. ಅಣುಗಳು ಸರಪಳಿ ಮತ್ತು ಜಾಲಗಳಾಗಿ ಬೆಳೆದು ದ್ರವವು ಗಟ್ಟಿಯಾಗುತ್ತದೆ.

ಉಬ್ಬಿಸುವ ಕ್ರಿಯೆ: ಐಸೊಸಯನೇಟ್ ನೀರಿನೊಡನೆ ವರ್ತಿಸಿ ಅಸ್ಥಿರವಾದ ಕಾರ್ಬಮಿಕ್ ಆಮ್ಲವಾಗುತ್ತದೆ. ಅದು ಒಡೆದು ಅಮೀನ್ ಮತ್ತು ಇಂಗಾಲದ ಡೈಆಕ್ಸೈಡ್ ಉಂಟಾಗುತ್ತವೆ. ಅನಿಲವು ಗುಳ್ಳೆಗಳನ್ನು ಹಿಗ್ಗಿಸುತ್ತದೆ. ಅಮೀನ್ ಮತ್ತೊಂದು ಐಸೊಸಯನೇಟ್ ಗುಂಪಿನೊಡನೆ ಸೇರಿ ಯೂರಿಯಾ ಬಂಧವಾಗುತ್ತದೆ.

ಕಾರ್ಯವಿಧಾನ

ಐಸೊಸಯನೇಟ್ ಗುಂಪಿನಲ್ಲಿ ಸಾರಜನಕ, ಇಂಗಾಲ ಮತ್ತು ಆಮ್ಲಜನಕದ ಪರಮಾಣುಗಳು ಸಾಲಾಗಿವೆ. ಎರಡೂ ಬದಿಯ ಪರಮಾಣುಗಳು ಎಲೆಕ್ಟ್ರಾನುಗಳನ್ನು ತಮ್ಮತ್ತ ಸೆಳೆಯುವುದರಿಂದ ನಡುವಿನ ಇಂಗಾಲದಲ್ಲಿ ಎಲೆಕ್ಟ್ರಾನುಗಳ ಕೊರತೆ ಇರುತ್ತದೆ. ಹೈಡ್ರಾಕ್ಸಿಲ್ ಗುಂಪಿನ ಆಮ್ಲಜನಕ ಬಂದು ಸೇರುವುದು ಈ ಇಂಗಾಲಕ್ಕೇ.

ತೃತೀಯಕ ಅಮೀನ್‌ಗಳ ಸಾರಜನಕದಲ್ಲಿ ಬಂಧದಲ್ಲಿ ತೊಡಗದ ಒಂದು ಜೋಡಿ ಎಲೆಕ್ಟ್ರಾನುಗಳಿವೆ. ಒಂದು ವಿವರಣೆಯ ಪ್ರಕಾರ ಈ ಜೋಡಿಯು ಐಸೊಸಯನೇಟಿನ ಇಂಗಾಲಕ್ಕೆ ತಾತ್ಕಾಲಿಕವಾಗಿ ಅಂಟಿಕೊಂಡು ಅದನ್ನು ಕ್ರಿಯೆಗೆ ಅಣಿಗೊಳಿಸುತ್ತದೆ. ಇನ್ನೊಂದರ ಪ್ರಕಾರ ಹೈಡ್ರಾಕ್ಸಿಲಿನ ಜಲಜನಕವನ್ನು ತನ್ನತ್ತ ಎಳೆದು ಆಮ್ಲಜನಕವನ್ನು ಚುರುಕುಗೊಳಿಸುತ್ತದೆ. ‘ಡ್ಯಾಬ್ಕೋ’ ಎಂದು ಹೆಸರಾದ ಟ್ರೈಎಥಿಲೀನ್‌ಡೈಅಮೀನ್‌ನ ಅಣು ಪಂಜರದಾಕಾರದ್ದು. ಅದರ ಎಲೆಕ್ಟ್ರಾನ್ ಜೋಡಿಗಳು ಹೊರಮುಖವಾಗಿ, ಅಡ್ಡಿಯಿಲ್ಲದೆ ಇರುವುದರಿಂದ ಅದು ಪ್ರಬಲ ವೇಗವರ್ಧಕವಾಗಿದೆ.

ಡೈಬ್ಯುಟೈಲ್‌ಟಿನ್ ಡೈಲಾರೇಟ್, ಸ್ಟ್ಯಾನಸ್ ಆಕ್ಟೋಯೇಟ್ ಮೊದಲಾದ ತವರದ ಸಂಯುಕ್ತಗಳು ಎಲೆಕ್ಟ್ರಾನುಗಳನ್ನು ಸ್ವೀಕರಿಸುವ ಸ್ವಭಾವದವು. ತವರದ ಪರಮಾಣು ಐಸೊಸಯನೇಟ್ ಮತ್ತು ಪಾಲಿಯಾಲ್‌ಗಳನ್ನು ಹತ್ತಿರಕ್ಕೆ ತಂದು ಬಂಧ ಏರ್ಪಡಲು ನೆರವಾಗುತ್ತದೆ. ಇವು ಮುಖ್ಯವಾಗಿ ಜೆಲ್ ಕ್ರಿಯೆಯನ್ನು ತ್ವರಿತಗೊಳಿಸುತ್ತವೆ.

ಕ್ರಿಯೆಗಳ ಸಮತೋಲನ

ಹಾಸಿಗೆಯ ಮೃದು ಫೋಮಿನಲ್ಲಿ ಅಮೀನ್ ಮತ್ತು ತವರದ ವೇಗವರ್ಧಕಗಳನ್ನು ಜೊತೆಯಾಗಿ ಬಳಸುವುದು ರೂಢಿ. ಸಾಮಾನ್ಯವಾಗಿ 100 ಭಾಗ ಪಾಲಿಯಾಲ್‌ಗೆ ಇವೆರಡರ ಒಟ್ಟು ಪ್ರಮಾಣ 1 ಭಾಗಕ್ಕಿಂತ ಕಡಿಮೆ. ಅನಿಲವು ಬೇಗ ಹುಟ್ಟಿ ಜಾಲವು ತಡವಾಗಿ ಗಟ್ಟಿಯಾದರೆ, ಉಬ್ಬಿದ ಫೋಮ್ ಸೀಳುತ್ತದೆ ಅಥವಾ ಕುಸಿಯುತ್ತದೆ. ಜಾಲವೇ ಬೇಗ ಗಟ್ಟಿಯಾದರೆ ಗುಳ್ಳೆಗಳ ಬಾಯಿ ತೆರೆಯುವುದಿಲ್ಲ. ಒಳಗೆ ಸಿಕ್ಕಿಕೊಂಡ ಅನಿಲ ತಣಿದಾಗ ಫೋಮ್ ಕುಗ್ಗುತ್ತದೆ. ಗಾಳಿಯಾಡುವ ಹಾಸಿಗೆ ದೊರೆಯಬೇಕಾದರೆ ಗುಳ್ಳೆಗಳು ಪೂರ್ಣವಾಗಿ ಹಿಗ್ಗಿದ ಹೊತ್ತಿಗೆ ಅವುಗಳ ಅಂಚುಗಳು ಭಾರ ಹೊರುವಷ್ಟು ಗಟ್ಟಿಯಾಗಿರಬೇಕು. ಕ್ರಿಯೆಗಳು ಶಾಖವನ್ನೂ ಬಿಡುಗಡೆ ಮಾಡುವುದರಿಂದ ದೊಡ್ಡ ದಿಮ್ಮಿಗಳ ಒಳಭಾಗದ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ಮೀರಬಲ್ಲದು.

ಅಚ್ಚಿನ ಮೂಲೆಮೂಲೆಗೂ ದ್ರವ ಹರಿಯಲು ಸಮಯ ಬೇಕಾದಾಗ ಅಮೀನನ್ನು ಫಾರ್ಮಿಕ್ ಆಮ್ಲದಂತಹ ಆಮ್ಲದೊಡನೆ ಲವಣವಾಗಿಸಿ ಬಳಸುತ್ತಾರೆ. ಮಿಶ್ರಣ ಬಿಸಿಯಾದಂತೆ ಅಮೀನ್ ಬಿಡುಗಡೆಯಾಗಿ ತನ್ನ ಕೆಲಸ ಆರಂಭಿಸುತ್ತದೆ. ಕಟ್ಟಡಗಳ ಗಟ್ಟಿ ಉಷ್ಣನಿರೋಧಕ ಫಲಕಗಳಲ್ಲಿ ಪೊಟ್ಯಾಸಿಯಂ ಅಸಿಟೇಟ್‌ನಂತಹ ಲವಣಗಳನ್ನು ಬಳಸಿ ಮೂರು ಐಸೊಸಯನೇಟ್ ಗುಂಪುಗಳನ್ನು ಉಂಗುರವಾಗಿ ಜೋಡಿಸುವುದುಂಟು. ಈ ಉಂಗುರಗಳು ಶಾಖವನ್ನು ಹೆಚ್ಚು ತಡೆದುಕೊಳ್ಳುತ್ತವೆ.

ಆರೋಗ್ಯ ಮತ್ತು ನಿಯಂತ್ರಣ

ವೇಗವರ್ಧಕವು ವಸ್ತುವಿನಲ್ಲಿ ಉಳಿಯುವುದರ ಪರಿಣಾಮಕ್ಕೆ ಪಾದರಸವು ಸ್ಪಷ್ಟ ಉದಾಹರಣೆ. ಫಿನೈಲ್ ಪಾದರಸದ ಸಂಯುಕ್ತಗಳು ನೀರಿಗಿಂತ ಪಾಲಿಯಾಲ್‌ನೊಂದಿಗಿನ ಕ್ರಿಯೆಗೆ ಒತ್ತು ಕೊಡುತ್ತವೆ. ಆದ್ದರಿಂದ ತೇವವಿದ್ದರೂ ಗುಳ್ಳೆಗಳು ಕಡಿಮೆ. ಮಿಶ್ರಣವನ್ನು ಸುರಿದು ಹರಡಲು ಸಾಕಷ್ಟು ಕಾಲಾವಕಾಶ ಕೊಟ್ಟು, ಅನಂತರ ಅದನ್ನು ಶೀಘ್ರವಾಗಿ ಗಟ್ಟಿಯಾಗಿಸುವುದೂ ಅವುಗಳ ಗುಣ. ಈ ಅನುಕೂಲದಿಂದಾಗಿ 1960ರ ದಶಕದಿಂದ ಅಮೆರಿಕದ ಅನೇಕ ಶಾಲೆಗಳ ಒಳಾಂಗಣ ವ್ಯಾಯಾಮಶಾಲೆಗಳಿಗೆ ಇಂತಹ ರಬ್ಬರಿನಂತಹ ನೆಲಹಾಸನ್ನು ಹಾಕಲಾಯಿತು. ದಶಕಗಳ ನಂತರವೂ ಅಂತಹ ನೆಲಗಳಿಂದ ಪಾದರಸದ ಆವಿ ಹೊರಬರುವುದು ಪತ್ತೆಯಾಗಿದೆ. ಕೊಠಡಿಯ ಉಷ್ಣತೆ ಹೆಚ್ಚಿ ಗಾಳಿಯಾಟ ಕಡಿಮೆಯಾದಂತೆ ಆವಿಯ ಸಾಂದ್ರತೆ ಏರುತ್ತದೆ. ಕಿತ್ತ ನೆಲಹಾಸನ್ನು ಸಾಮಾನ್ಯ ಕಸದೊಂದಿಗೆ ಎಸೆಯುವಂತಿಲ್ಲ.

ಪಾದರಸ ಕುರಿತ ಮಿನಮಾಟಾ ಒಪ್ಪಂದವು 2013ರಲ್ಲಿ ಅಂಗೀಕಾರವಾಗಿ 2017ರಲ್ಲಿ ಜಾರಿಗೆ ಬಂದಿತು. ಪಾಲಿಯುರೆಥೇನ್ ತಯಾರಿಕೆಯಲ್ಲಿ ಪಾದರಸದ ಬಳಕೆಯನ್ನು, ಒಪ್ಪಂದ ಜಾರಿಯಾದ 10 ವರ್ಷಗಳೊಳಗೆ ಕೊನೆಗಾಣಿಸುವ ಗುರಿಯನ್ನು ಅದು ಮುಂದಿಟ್ಟಿತು. ಭಾರತವು 2018ರಲ್ಲಿ ಇದನ್ನು ಸ್ಥಿರೀಕರಿಸಿತು. ಸಂತಾನೋತ್ಪತ್ತಿಗೆ ಹಾನಿಕರವೆಂದು ವರ್ಗೀಕೃತವಾಗಿರುವ ಡೈಬ್ಯುಟೈಲ್‌ಟಿನ್ ಸಂಯುಕ್ತಗಳನ್ನು ಯುರೋಪಿಯನ್ ಒಕ್ಕೂಟವು 2012ರಿಂದ ಸಾರ್ವಜನಿಕ ಬಳಕೆಯ ವಸ್ತುಗಳಲ್ಲಿ ನಿರ್ಬಂಧಿಸಿದೆ. ತವರದ ಲೆಕ್ಕದಲ್ಲಿ ಮಿತಿಯು ತೂಕದ ಶೇ. 0.1.

ಆವಿಯಾಗುವ ಅಮೀನ್‌ಗಳು ಕಾರ್ಖಾನೆಯ ಕಾರ್ಮಿಕರ ಕಣ್ಣಿನ ಪಾರದರ್ಶಕ ಪಟಲವನ್ನು ಊದಿಸಿ, ನೋಟವನ್ನು ತಾತ್ಕಾಲಿಕವಾಗಿ ಮಂಜಾಗಿಸಬಲ್ಲವು. ದೀಪಗಳ ಸುತ್ತ ಬಣ್ಣದ ಬಳೆಗಳು ಕಾಣುತ್ತವೆ. ಹೊಸ ವಾಹನದ ಒಳಗಿನ ವಾಸನೆಗೂ ಅಮೀನ್‌ಗಳು ಒಂದು ಕಾರಣ. ಇದನ್ನು ತಗ್ಗಿಸಲು ಹೈಡ್ರಾಕ್ಸಿಲ್ ಗುಂಪುಳ್ಳ ಅಮೀನ್‌ಗಳನ್ನು ರೂಪಿಸಲಾಗಿದೆ. ಅವು ಕ್ರಿಯೆಯ ವೇಳೆ ಪಾಲಿಯುರೆಥೇನ್ ಜಾಲಕ್ಕೇ ಬೆಸೆದುಕೊಳ್ಳುತ್ತವೆ. ಪಾದರಸ ಮತ್ತು ತವರಕ್ಕೆ ಬದಲಾಗಿ ಬಿಸ್ಮತ್ ಹಾಗೂ ಸತುವಿನ ಸಂಯುಕ್ತಗಳು ಬಳಕೆಗೆ ಬಂದಿವೆ. ಆದರೆ ಬಿಸ್ಮತ್ ಸಂಯುಕ್ತಗಳು ತೇವಾಂಶದಿಂದ ನಿಷ್ಕ್ರಿಯವಾಗುವ ಸಂಭವವಿರುವುದರಿಂದ, ಅವುಗಳನ್ನು ಬಳಸುವಾಗ ಮಿಶ್ರಣದ ಇತರ ಘಟಕಗಳನ್ನೂ ಹೊಂದಿಸಬೇಕಾಗುತ್ತದೆ.