ಉಡಿ

'ಉಡು' ಎಂಬ ಅಚ್ಚಗನ್ನಡ ಧಾತುವಿನಿಂದ ಹುಟ್ಟಿದ ಪದ 'ಉಡಿ'. ಉಡುಗೆ, ಉಡುಪು, ಉಡುದಾರ, ಉಡುಗೊರೆ ಇವೆಲ್ಲ ಅದರ ಒಡಹುಟ್ಟುಗಳು. ಉಟ್ಟ ಸೀರೆಯ ಸೆರಗನ್ನು ಸೊಂಟದ ಮುಂದೆ ಹಿಡಿದಾಗ ಚೀಲದಂತೆ ಆಗುವ ಜಾಗವೇ ಉಡಿ. ದಕ್ಷಿಣ ಕರ್ನಾಟಕದವರು ಇದನ್ನು 'ಮಡಿಲು' ಎನ್ನುತ್ತಾರೆ. ಅಲ್ಲಿನ 'ಮಡಿಲಕ್ಕಿ'ಯೂ ಉಡಿ ತುಂಬುವ ಆಚರಣೆಯ ಮಾತೇ.

ಉತ್ತರ ಕರ್ನಾಟಕದಲ್ಲಿ ಸವದತ್ತಿಯ ಎಲ್ಲಮ್ಮನಿಗೂ ಬಾದಾಮಿಯ ಬನಶಂಕರಿಗೂ ಹೆಣ್ಣುಮಕ್ಕಳು ಉಡಿ ತುಂಬುತ್ತಾರೆ. ಕುಬಸದ ಕಣವನ್ನು, ಅಂದರೆ ರವಿಕೆಯ ಬಟ್ಟೆಯನ್ನು, ಹರಡಿ, ಅದರ ಮೇಲೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನ ಬೇರು, ಎಲೆ ಅಡಿಕೆ ಇಡುತ್ತಾರೆ. ಕಣದ ಅಂಚಿಗೆ ಅರಿಸಿನ ಅಂಟುತ್ತದೆ. ಒಂದೆರಡು ಅಕ್ಕಿಕಾಳು ಬೆರಳ ಸಂದಿನಿಂದ ಜಾರುತ್ತವೆ. ಇದರಲ್ಲಿ ದುಬಾರಿಯಾದದ್ದು ಏನೂ ಇಲ್ಲ; ಮೊಳೆತದ್ದು, ಬೆಳೆದದ್ದು, ಹಣ್ಣಾದದ್ದು ಇದೆ.

ಅದೇ ಉಡಿಯನ್ನು ಬಸುರಿಗೂ ತವರಿನಿಂದ ಹೊರಟ ಮಗಳಿಗೂ ತುಂಬುತ್ತಾರೆ. ಶೀಗಿ ಹುಣ್ಣಿಮೆಯಂದು ಪೈರು ಹೊತ್ತ ಹೊಲವನ್ನೇ ಬಸುರಿಯೆಂದು ಬಗೆದು, ಭೂತಾಯಿಗೆ ಉಡಿ ತುಂಬಿ, ನೈವೇದ್ಯದ ಚರಗವನ್ನು ಹೊಲದಲ್ಲಿ ಚೆಲ್ಲುತ್ತಾರೆ. ದೇವಿ, ನೆಲ, ಮನೆಮಗಳು ಮೂವರಿಗೂ ಒಂದೇ ಮಾತು, ಒಂದೇ ಮರ್ಯಾದೆ. ಪದದ ನಿಜವಾದ ಸೊಗಸು ಇಲ್ಲಿದೆ.

ದೇವಿಗೆ ಕೊಡುತ್ತೇವೆ ಎನ್ನುವುದಕ್ಕಿಂತ 'ಉಡಿ ತುಂಬುತ್ತೇವೆ' ಎನ್ನುವಾಗ ಭಕ್ತಿಗೆ ಬಳಗದ ಸಲುಗೆ ಬರುತ್ತದೆ. ತುಂಬಿದವಳ ಉಡಿಯೂ ಬರಿದಾಗದಿರಲಿ ಎಂಬ ಹಾರೈಕೆ ಆ ಮಾತಿನೊಳಗೇ ಇದೆ.